ಗಂಡಸಿನ ಸಂತಾನಾಂಗ: ಲ್ಯಾಬ್ ಕಿಟಕಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಶುಗರ್ ಪರೀಕ್ಷೆಗೆ ಬಂದವರು ಕಿಟಕಿಯಲ್ಲಿ ನಿಂತು ಜೋರಾಗಿಯೇ ಹೇಳುತ್ತಾರೆ. ವೀರ್ಯ ಪರೀಕ್ಷೆಗೆ ಬಂದವರು ಮಾತ್ರ ಡಾಕ್ಟರ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಒಳಗೆ ತಳ್ಳುತ್ತಾರೆ. ಹಿಂದೆ ಊರಿನವರು ಯಾರಾದರೂ ನಿಂತಿದ್ದಾರೋ ಎಂದು ಒಮ್ಮೆ ತಿರುಗಿ ನೋಡುತ್ತಾರೆ. ಆಮೇಲೆ, ದನಿ ತಗ್ಗಿಸಿ, ಪ್ರಶ್ನೆ ಶುರುವಾಗುತ್ತದೆ. ಆಳಂದದಿಂದ ಬಂದವರದ್ದೂ ಶಹಾಪುರದಿಂದ ಬಂದವರದ್ದೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ನನಗೆ ತಿಳಿದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ, ಔಷಧಿ ಹೇಳುವುದಿಲ್ಲ. ದೇಹ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

ವೀರ್ಯ ಎಲ್ಲಿ ತಯಾರಾಗುತ್ತದೆ? ರಕ್ತದಿಂದಲೋ, ಮೂಳೆಯ ಮಜ್ಜೆಯಿಂದಲೋ?

ಎರಡರಿಂದಲೂ ಅಲ್ಲ. ಮಗು ಹುಟ್ಟಿಸುವ ವೀರ್ಯಾಣು ತಯಾರಾಗುವುದು ವೃಷಣಗಳಲ್ಲಿ, ನಾವು ಆಡುಮಾತಿನಲ್ಲಿ ಬೀಜ ಎನ್ನುತ್ತೇವಲ್ಲ, ಅಲ್ಲಿ. ವಯಸ್ಕ ಗಂಡಸಿನ ಒಂದೊಂದು ವೃಷಣ ನಾಲ್ಕೈದು ಸೆಂಟಿಮೀಟರ್ ಉದ್ದ ಇರುತ್ತದೆ. ಹೊರಗಿನಿಂದ ಗಟ್ಟಿ ಉಂಡೆಯಂತೆ ಅನಿಸಿದರೂ ಒಳಗೆ ಕೂದಲಿನಷ್ಟು ತೆಳುವಾದ ನಾಳಗಳನ್ನು ಸುತ್ತಿ ಸುತ್ತಿ ತುಂಬಿದೆ. ಅವನ್ನೆಲ್ಲ ಬಿಡಿಸಿ ಸಾಲಾಗಿ ಇಟ್ಟರೆ ನೂರಾರು ಮೀಟರ್ ಆಗುತ್ತವೆ. ಆ ನಾಳಗಳ ಗೋಡೆಯಲ್ಲಿ ಮೂಲಕೋಶಗಳು ಕೂತಿರುತ್ತವೆ. ಅವು ಒಡೆದು ಒಡೆದು, 46 ಕ್ರೋಮೋಸೋಮ್ (ತಂದೆತಾಯಿಯ ಗುಣ ಹೊತ್ತ ಎಳೆಗಳು) ಇದ್ದದ್ದು 23 ಆಗಿ, ಕೊನೆಗೆ ಬಾಲ ಮೂಡಿದ ವೀರ್ಯಾಣುಗಳಾಗುತ್ತವೆ. ಅವು ಬೆಳೆಯುವಷ್ಟು ದಿನವೂ ಸರ್ಟೋಲಿ ಎಂಬ ಕೋಶಗಳು ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡಂತೆ ಅವನ್ನು ಸಾಕುತ್ತವೆ.

ನಾಳಗಳ ನಡುವಿನ ಜಾಗದಲ್ಲಿ ಇನ್ನೊಂದು ಬಗೆಯ ಕೋಶಗಳಿವೆ, ಅವಕ್ಕೆ ಲೇಡಿಗ್ ಎಂದು ಹೆಸರು. ಮೀಸೆ ಬರಿಸುವ, ದನಿ ಒಡೆಸುವ, ಸ್ನಾಯು ಬೆಳೆಸುವ, ಆಸೆ ಹುಟ್ಟಿಸುವ ಟೆಸ್ಟೋಸ್ಟಿರಾನ್ ಹಾರ್ಮೋನನ್ನು ಇವು ತಯಾರಿಸಿ ನೇರ ರಕ್ತಕ್ಕೆ ಬಿಡುತ್ತವೆ. ಅಂದರೆ ವೃಷಣದ್ದು ಎರಡು ಕೆಲಸ: ಒಂದರ ಫಲ ನಾಳದ ದಾರಿಯಲ್ಲಿ ಹೊರಗೆ ಹೋಗುತ್ತದೆ, ಇನ್ನೊಂದರ ಫಲ ರಕ್ತದೊಳಗೆ ಸೇರುತ್ತದೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ, ಮಕ್ಕಳು ಸಾಕು ಎಂದವರು ಮಾಡಿಸಿಕೊಳ್ಳುವ ಗಂಡಸರ ಆಪರೇಷನ್ ಬಗ್ಗೆ ಹೇಳುವಾಗ ಇದೇ ಬೇಕಾಗುತ್ತದೆ. ಎರಡೂ ಕೆಲಸಕ್ಕೆ ಅಪ್ಪಣೆ ಬರುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯಿಂದ.

ಇಷ್ಟು ಮುಖ್ಯವಾದ ಅಂಗ ದೇಹದ ಹೊರಗೆ ಯಾಕೆ ತೂಗಬೇಕು?

ತಂಪಿಗಾಗಿ. ದೇಹದ ಒಳಗಿನ ಶಾಖ 37 ಡಿಗ್ರಿ. ವೀರ್ಯಾಣು ಸರಿಯಾಗಿ ಬೆಳೆಯಲು ಅದಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆ ಬೇಕು. ಅದಕ್ಕೇ ಹೊರಗೊಂದು ಚೀಲ. ಆ ಚೀಲದ ಚರ್ಮ ತೆಳು, ಅದರಡಿ ಕೊಬ್ಬಿಲ್ಲ, ಬೆವರು ಗ್ರಂಥಿಗಳು ಬಹಳ. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಮಣ್ಣಿನ ಗಡಿಗೆ ಬೆವತು ನೀರನ್ನು ತಂಪು ಮಾಡುವುದೂ ಇದೇ ರೀತಿ. ಚಳಿಗೆ ಚೀಲ ಸುಕ್ಕಾಗಿ ಬೀಜಗಳನ್ನು ದೇಹದ ಹತ್ತಿರ ಎಳೆದುಕೊಳ್ಳುತ್ತದೆ, ಸೆಕೆಗೆ ಸಡಿಲವಾಗಿ ಕೆಳಗೆ ಬಿಡುತ್ತದೆ. ಒಳಗೆ ಇನ್ನೂ ಒಂದು ಏರ್ಪಾಡಿದೆ. ವೃಷಣಕ್ಕೆ ಇಳಿಯುವ ಬಿಸಿ ರಕ್ತದ ನಾಳವನ್ನು, ಮೇಲಕ್ಕೆ ಹೋಗುವ ತಂಪು ರಕ್ತದ ನಾಳಗಳು ಬಳ್ಳಿಯಂತೆ ಸುತ್ತಿಕೊಂಡಿವೆ. ಬಿಸಿ ರಕ್ತ ಇಳಿಯುತ್ತಾ ಇಳಿಯುತ್ತಾ ತನ್ನ ಶಾಖವನ್ನು ಅವಕ್ಕೆ ಕೊಟ್ಟು ತಣ್ಣಗಾಗುತ್ತದೆ.

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. "ಹಂಗಾರ ನಮ್ ಕಡಿ ಗಂಡಸ್ರ ಗತಿ ಏನ್ರೀ?" ಎಂದು ಕೇಳಿದವರಿದ್ದಾರೆ. ಬಿಸಿಲೂರಿನಲ್ಲಿ ಹುಟ್ಟಿದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಒಣ ಬಿಸಿಲಲ್ಲಿ ಬೆವರು ಬೇಗ ಆರುತ್ತದೆ, ದೇಹ ತನ್ನನ್ನು ತಾನು ತಂಪಾಗಿಸಿಕೊಳ್ಳುತ್ತದೆ. ತೊಂದರೆ ಇರುವುದು ಬೇರೆ ಕಡೆ. ದಿನಕ್ಕೆ ಹನ್ನೆರಡು ತಾಸು ಲಾರಿಯ ಬಿಸಿ ಸೀಟಿನ ಮೇಲೆ ಕೂರುವ ಡ್ರೈವರ್, ಬೇಕರಿಯ ಭಟ್ಟಿಯ ಮುಂದೆ ನಿಲ್ಲುವ ಹುಡುಗ, ಸಿಮೆಂಟ್ ಕಾರ್ಖಾನೆಯಲ್ಲಿ ಕುಲುಮೆಯ ಪಕ್ಕ ಕೆಲಸ ಮಾಡುವವರು, ವೆಲ್ಡಿಂಗ್ ಮಾಡುವವರು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ತಾಸುಗಟ್ಟಲೆ ಕೂರುವವರು, ಬಿಗಿ ಜೀನ್ಸ್ ಒಳಗೆ ಬಿಗಿ ಚಡ್ಡಿ ಹಾಕುವವರು. ಇವರಲ್ಲಿ ಶಾಖ ನೇರವಾಗಿ ಅದೇ ಜಾಗಕ್ಕೆ ಬೀಳುತ್ತದೆ, ಗಾಳಿ ಆಡುವುದಿಲ್ಲ. ಎಲ್ಲರಿಗೂ ತೊಂದರೆ ಆಗಿಯೇ ಆಗುತ್ತದೆ ಎಂದಲ್ಲ. ರಿಪೋರ್ಟಿನಲ್ಲಿ ವೀರ್ಯಾಣು ಸಂಖ್ಯೆ ಕಡಿಮೆ ಬಂದಿದ್ದರೆ ಮೊದಲು ಬದಲಿಸಬಹುದಾದದ್ದು ಇದು. ನಡುನಡುವೆ ಎದ್ದು ಓಡಾಡಿ, ರಾತ್ರಿ ಸಡಿಲವಾದ ಲುಂಗಿ ಉಡಿ. ನಮ್ಮ ಹಿರಿಯರ ದೋತರ ಈ ಬಿಸಿಲಿಗೆ ಹೇಳಿಮಾಡಿಸಿದ ಉಡುಪು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಒಂದು ಬೀಜ ಇನ್ನೊಂದಕ್ಕಿಂತ ಕೆಳಗಿದೆ. ಇದು ದೋಷವೇ?

ಅಲ್ಲ. ಹೆಚ್ಚಿನ ಗಂಡಸರಲ್ಲಿ ಎಡಗಡೆಯದು ಸ್ವಲ್ಪ ಕೆಳಗಿರುತ್ತದೆ. ಗಾತ್ರದಲ್ಲೂ ತುಸು ಹೆಚ್ಚುಕಡಿಮೆ ಇರುವುದುಂಟು.

ವೀರ್ಯಾಣು ತಯಾರಾಗಲು ಎಷ್ಟು ದಿನ ಬೇಕು?

ಈ ಪ್ರಶ್ನೆಯನ್ನು ಜನ ಕೇಳುವುದು ಕಡಿಮೆ, ಆದರೆ ಎಲ್ಲಕ್ಕಿಂತ ಹೆಚ್ಚು ಕೇಳಬೇಕಾದದ್ದು ಇದೇ. ಮೂಲಕೋಶದಿಂದ ಬಾಲವಿರುವ ವೀರ್ಯಾಣು ಆಗಲು 64ರಿಂದ 74 ದಿನ ಹಿಡಿಯುತ್ತದೆ. ನಮ್ಮ ಹೊಲದ ಲೆಕ್ಕದಲ್ಲಿ ಹೇಳಬೇಕೆಂದರೆ ಮುಂಗಾರಿನ ಒಂದು ಹೆಸರು ಬೆಳೆಯ ಅವಧಿ. ರಾಶಿ ಮಾಡಿದ ಮೇಲೂ ಕಾಳು ಒಣಗಬೇಕಲ್ಲ, ಹಾಗೆ ಇವೂ ವೃಷಣದ ಬೆನ್ನಿಗೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿ ನಾಳದೊಳಗೆ ಇನ್ನೂ ಹಲವು ದಿನ ಸಾಗಬೇಕು. ಬಿಡಿಸಿದರೆ ಆರು ಮೀಟರ್ ಆಗುವ ಆ ನಾಳದಲ್ಲಿ ಸಾಗುತ್ತಾ ಅವು ಈಜುವ ಶಕ್ತಿ ಪಡೆಯುತ್ತವೆ. ಎಲ್ಲ ಸೇರಿ ಸುಮಾರು ಮೂರು ತಿಂಗಳು.

ಹೀಗಾಗಿ ಇವತ್ತು ನೀವು ತಂದುಕೊಟ್ಟ ಸ್ಯಾಂಪಲ್‌ನಲ್ಲಿ ಇರುವುದು ಮೂರು ತಿಂಗಳ ಹಿಂದಿನ ಬಿತ್ತನೆ. ಎರಡು ತಿಂಗಳ ಕೆಳಗೆ ಡೆಂಗ್ಯೂವೋ ಟೈಫಾಯ್ಡೋ ಬಂದು ಮೈ ಸುಟ್ಟಿದ್ದರೆ ಅದರ ಪೆಟ್ಟು ಇವತ್ತಿನ ರಿಪೋರ್ಟಿನಲ್ಲಿ ಕಾಣುತ್ತದೆ. ಹಾಗೆಯೇ ಇವತ್ತು ಗುಟ್ಕಾ ಬಿಟ್ಟರೆ ಅದರ ಒಳ್ಳೆಯದು ಕಾಣಲು ಮೂರು ತಿಂಗಳು ಬೇಕು. ಹದಿನೈದು ದಿನ ಮಾತ್ರೆ ನುಂಗಿ "ಏನೂ ಫರಕ್ ಬೀಳ್ಲಿಲ್ರೀ" ಎಂದು ಬಿಟ್ಟುಬಿಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹದಿನೈದು ದಿನಕ್ಕೆ ಯಾವ ಬೆಳೆ ಬರುತ್ತದೆ?

ವೀರ್ಯ ಬೇರೆ, ವೀರ್ಯಾಣು ಬೇರೆಯೇ?

ಬೇರೆ. ವೀರ್ಯ ಎಂದರೆ ದ್ರವ, ವೀರ್ಯಾಣು ಅದರಲ್ಲಿ ಈಜುವ ಜೀವಕೋಶ. ಸ್ಖಲನದ ಹೊತ್ತಿಗೆ ಎಪಿಡಿಡಿಮಿಸ್‌ನಿಂದ ವೀರ್ಯಾಣುಗಳು ವೀರ್ಯನಾಳ ಹಿಡಿದು ಮೇಲೆ ಹೋಗುತ್ತವೆ, ಹೊಟ್ಟೆಯ ಕೆಳಭಾಗದಲ್ಲಿ ಮೂತ್ರಕೋಶವನ್ನು ಸುತ್ತು ಹಾಕಿ ಅದರ ಹಿಂಬದಿಗೆ ಬರುತ್ತವೆ. ಅಲ್ಲಿ ಎರಡು ವೀರ್ಯಕೋಶ ಗ್ರಂಥಿಗಳು ತಮ್ಮ ರಸ ಸೇರಿಸುತ್ತವೆ. ಒಟ್ಟು ದ್ರವದ ಮೂರರಲ್ಲಿ ಎರಡು ಪಾಲು ಇವುಗಳದೇ. ಇದರಲ್ಲಿ ಫ್ರಕ್ಟೋಸ್ ಸಕ್ಕರೆ ಇದೆ, ವೀರ್ಯಾಣುವಿನ ಬುತ್ತಿ ಅದು. ಆಮೇಲೆ ಪ್ರಾಸ್ಟೇಟ್ ಗ್ರಂಥಿ ತನ್ನ ತೆಳು ರಸ ಕೊಡುತ್ತದೆ. ವೀರ್ಯಾಣುಗಳದ್ದು ಒಟ್ಟು ಅಳತೆಯಲ್ಲಿ ನೂರಕ್ಕೆ ಐದು ಪಾಲೂ ಇಲ್ಲ.

ಅದಕ್ಕೇ ದ್ರವ ಗಟ್ಟಿಯಾಗಿದೆಯೋ ನೀರಾಗಿದೆಯೋ ಎಂದು ಕಣ್ಣಲ್ಲಿ ನೋಡಿ ಏನನ್ನೂ ಹೇಳಲಾಗದು. ಹೊರಗೆ ಬಂದ ಕೂಡಲೇ ಅದು ಮುದ್ದೆಯಂತಿರುತ್ತದೆ. ಪ್ರಾಸ್ಟೇಟ್‌ನ ಕಿಣ್ವಗಳು ಹದಿನೈದರಿಂದ ಮೂವತ್ತು ನಿಮಿಷದಲ್ಲಿ ಅದನ್ನು ತಾವೇ ಕರಗಿಸುತ್ತವೆ. ಇದನ್ನು ಕಂಡು "ನಂದು ನೀರಾಗ್ಯಾದ" ಎಂದು ಹೆದರಿ ಸಾವಿರಾರು ರೂಪಾಯಿಯ ಲೇಹ್ಯ ತಂದವರನ್ನು ನಾನು ಬಲ್ಲೆ. ಕರಗದಿದ್ದರೆ ಡಾಕ್ಟರಿಗೆ ತೋರಿಸಬೇಕೇ ಹೊರತು ಕರಗಿದರೆ ಅಲ್ಲ.

ಮೂತ್ರ, ವೀರ್ಯ ಎರಡಕ್ಕೂ ಒಂದೇ ದಾರಿ. ಎರಡೂ ಬೆರೆಯುವುದಿಲ್ಲವೇ?

ಸ್ಖಲನದ ಕ್ಷಣದಲ್ಲಿ ಮೂತ್ರಕೋಶದ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಬೆರೆಯುವುದಿಲ್ಲ. ಹಳೆಯ ಶುಗರ್ ಇರುವವರಲ್ಲಿ, ಕೆಲವು ಪ್ರಾಸ್ಟೇಟ್ ಮಾತ್ರೆ ನುಂಗುವವರಲ್ಲಿ ಈ ಬಾಯಿ ಸರಿಯಾಗಿ ಮುಚ್ಚದೆ ವೀರ್ಯ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗಬಹುದು. ಸುಖವಾಯಿತು, ಏನೂ ಬರಲಿಲ್ಲ ಎನ್ನುವವರಿಗೆ ಡಾಕ್ಟರು ಆಮೇಲಿನ ಮೂತ್ರವನ್ನೇ ಪರೀಕ್ಷೆಗೆ ಬರೆಯುವುದು ಈ ಕಾರಣಕ್ಕೆ.

ನಿಮಿರುವಿಕೆ ಹೇಗೆ ಆಗುತ್ತದೆ? ಅಲ್ಲಿ ಮೂಳೆ ಇದೆಯೇ?

ಮೂಳೆ ಇಲ್ಲ, ಅದು ಸ್ನಾಯುವಿನ ಬಲವೂ ಅಲ್ಲ. ಶಿಶ್ನದ ಉದ್ದಕ್ಕೂ ಸ್ಪಂಜಿನಂಥ ಎರಡು ಕೊಳವೆಗಳಿವೆ, ಅಡಿಯಲ್ಲಿ ಮೂತ್ರನಾಳವನ್ನು ಸುತ್ತಿರುವ ಮೂರನೆಯದು ಇದೆ. ಮನಸ್ಸಿನಲ್ಲಿ ಆಸೆ ಮೂಡಿದಾಗ ಅಥವಾ ಸ್ಪರ್ಶವಾದಾಗ ನರಗಳ ತುದಿಯಿಂದ ನೈಟ್ರಿಕ್ ಆಕ್ಸೈಡ್ ಹೊರಟು ರಕ್ತನಾಳಗಳನ್ನು ಸಡಿಲಿಸುತ್ತದೆ. ಸ್ಪಂಜಿಗೆ ರಕ್ತ ನುಗ್ಗುತ್ತದೆ, ತುಂಬಿದ ಸ್ಪಂಜು ಹೊರಹೋಗುವ ನಾಳಗಳನ್ನು ಒತ್ತಿ ಮುಚ್ಚುತ್ತದೆ. ಒಳಗೆ ಬಂದ ರಕ್ತ ಅಲ್ಲೇ ನಿಲ್ಲುವುದರಿಂದ ಗಡಸುತನ.

ಇದು ರಕ್ತನಾಳದ ಕೆಲಸ ಎಂದಾದ ಮೇಲೆ ರಕ್ತನಾಳ ಕೆಡಿಸುವ ಪ್ರತಿಯೊಂದೂ ಇದನ್ನು ಕೆಡಿಸುತ್ತದೆ: ಶುಗರ್, ಬಿಪಿ, ಕೊಲೆಸ್ಟರಾಲ್, ಬೀಡಿ, ಸಿಗರೇಟು. ಶಿಶ್ನದ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಣ್ಣದು, ಆದ್ದರಿಂದ ಮೊದಲು ಕಟ್ಟುವುದು ಅದೇ. ನಲವತ್ತು ದಾಟಿದವರಿಗೆ ಹೊಸದಾಗಿ ಈ ತೊಂದರೆ ಶುರುವಾದರೆ ಅದು ಕೆಲವೊಮ್ಮೆ ಹೃದಯದ ಮುನ್ಸೂಚನೆ. ಮೆಡಿಕಲ್ ಅಂಗಡಿಯಲ್ಲಿ ಗುಟ್ಟಾಗಿ ಮಾತ್ರೆ ಕೇಳುವ ಮೊದಲು ಶುಗರ್, ಬಿಪಿ ನೋಡಿಸಿಕೊಳ್ಳಿ. ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆ ತೆಗೆದುಕೊಳ್ಳುವವರು ಇದರ ಮಾತ್ರೆ ನುಂಗಿದರೆ ಬಿಪಿ ದಿಢೀರನೆ ಇಳಿದು ಜೀವಕ್ಕೇ ಅಪಾಯ. ಇನ್ನು, ಮದುವೆಯಾದ ಹೊಸದರಲ್ಲಿ ಹೆದರಿಕೆಯಿಂದ ಒಂದೆರಡು ದಿನ ಆಗದಿರುವುದು ತೀರಾ ಸಾಮಾನ್ಯ, ಅದು ರೋಗವೇ ಅಲ್ಲ.

ಸ್ವಪ್ನಸ್ಖಲನ, ಹಸ್ತಮೈಥುನದಿಂದ ಶಕ್ತಿ ಹೋಗುತ್ತದೆಯೇ? ಒಂದು ಹನಿ ವೀರ್ಯಕ್ಕೆ ನೂರು ಹನಿ ರಕ್ತ ಬೇಕಂತೆ?

ಇಲ್ಲ. ಈ ಲೆಕ್ಕಕ್ಕೆ ದೇಹದೊಳಗೆ ಎಲ್ಲೂ ಆಧಾರವಿಲ್ಲ.

ಒಮ್ಮೆ ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ ಬಂದಿದ್ದ. ಚಿಂಚೋಳಿ ಕಡೆಯವನು, ಇಲ್ಲಿ ಹಾಸ್ಟೆಲಿನಲ್ಲಿ ಇದ್ದು ಓದುತ್ತಿದ್ದ. ಕೆನ್ನೆ ಒಳಗೆ ಹೋಗಿದ್ದವು. "ಸರ್, ವಾರಕ್ಕೊಮ್ಮೆ ರಾತ್ರಿ ಹೋಗ್ತದ್ರೀ, ನಾ ಸಾಯ್ತೀನೇನ್ರೀ?" ಎಂದ. ಗೋಡೆ ಬರಹ ನೋಡಿ ಗುಪ್ತರೋಗ ತಜ್ಞ ಎಂದು ಹೇಳಿಕೊಳ್ಳುವ ಒಬ್ಬನ ಹತ್ತಿರ ಹೋಗಿದ್ದನಂತೆ. ಎರಡು ತಿಂಗಳ ಮೆಸ್ ದುಡ್ಡು ಅವನಿಗೆ ಕೊಟ್ಟು, ರಾತ್ರಿ ಊಟ ಬಿಟ್ಟಿದ್ದ. ಸೊರಗಿದ್ದು ಊಟವಿಲ್ಲದೆ, ವೀರ್ಯ ಹೋಗಿ ಅಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ನಿನ್ನ ವೃಷಣ ಪ್ರತಿ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ವೀರ್ಯಾಣು ತಯಾರಿಸುತ್ತಲೇ ಇರುತ್ತದೆ, ನೀನು ಓದುವಾಗಲೂ ಮಲಗಿದಾಗಲೂ. ಹೊರಗೆ ಹೋಗದೆ ಉಳಿದದ್ದನ್ನು ದೇಹ ಒಳಗೇ ಕರಗಿಸಿಕೊಳ್ಳುತ್ತದೆ, ಕೆಲವು ಸಲ ನಿದ್ದೆಯಲ್ಲಿ ಹೊರಗೆ ಬಿಡುತ್ತದೆ. ಒಂದು ಸಲದ ವೀರ್ಯ ಅರ್ಧ ಚಮಚದಿಂದ ಒಂದು ಚಮಚದಷ್ಟು, ಅದರಲ್ಲಿ ಬಹುಪಾಲು ನೀರು. ಒಂದು ತುತ್ತು ರೊಟ್ಟಿಯಲ್ಲಿ ಇರುವ ಕಸುವೂ ಅದರಲ್ಲಿ ಹೋಗುವುದಿಲ್ಲ. ಹಸ್ತಮೈಥುನದಿಂದ ಶಿಶ್ನ ಸೊಟ್ಟಗಾಗುವುದಿಲ್ಲ, ಸಣ್ಣದಾಗುವುದಿಲ್ಲ, ಮುಂದೆ ಮಕ್ಕಳಾಗದೆ ಹೋಗುವುದೂ ಇಲ್ಲ. ಅದೇ ಚಟವಾಗಿ ಓದು, ಕೆಲಸ, ನಿದ್ದೆ ಕೆಡುತ್ತಿದ್ದರೆ ಮಾತ್ರ ಯಾರ ಹತ್ತಿರವಾದರೂ ಮಾತಾಡಬೇಕು. ಸರ್ಕಾರಿ ದವಾಖಾನೆಗಳಲ್ಲಿ ಹರೆಯದವರಿಗಾಗಿ ಸ್ನೇಹ ಕ್ಲಿನಿಕ್ ಎಂದು ನಡೆಸುತ್ತಾರೆ, ದುಡ್ಡು ಬೇಕಿಲ್ಲ.

ಈ ಹೆದರಿಕೆಯಿಂದ ಹಾಳಾಗುವ ಹುಡುಗರನ್ನು ಕಂಡಾಗ ನನಗೆ ಸಿಟ್ಟು ಬರುವುದು ಹುಡುಗರ ಮೇಲಲ್ಲ, ಅಂಥ ಗೋಡೆ ಬರಹಗಳ ಮೇಲೆ.

ಗಂಡೋ ಹೆಣ್ಣೋ ಎಂದು ಯಾರಿಂದ ತೀರ್ಮಾನ ಆಗುತ್ತದೆ?

ಗಂಡನ ವೀರ್ಯಾಣುವಿನಿಂದ. ಹೆಂಡತಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ಕ್ರೋಮೋಸೋಮ್ ಇರುತ್ತದೆ. ವೀರ್ಯಾಣುಗಳಲ್ಲಿ ಅರ್ಧದಷ್ಟು ಎಕ್ಸ್, ಅರ್ಧದಷ್ಟು ವೈ. ಎಕ್ಸ್ ಇರುವುದು ಸೇರಿದರೆ ಹೆಣ್ಣು, ವೈ ಇರುವುದು ಸೇರಿದರೆ ಗಂಡು. ಯಾವುದು ಮೊದಲು ಸೇರಿತೋ ಅದು. ಇದರಲ್ಲಿ ಗಂಡನ ತಪ್ಪೂ ಇಲ್ಲ, ಹೆಂಡತಿಯ ತಪ್ಪಂತೂ ಇಲ್ಲವೇ ಇಲ್ಲ. ಮೂರು ಹೆಣ್ಣು ಹೆತ್ತಳೆಂದು ಸೊಸೆಯನ್ನು ತವರಿಗೆ ಕಳಿಸಿದ ಮನೆಗಳು ನಮ್ಮ ಕಡೆ ಇನ್ನೂ ಇವೆ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಹೊಟ್ಟೆಯಲ್ಲಿರುವುದು ಏನೆಂದು ಸ್ಕ್ಯಾನಿಂಗ್‌ನಲ್ಲಿ ಕೇಳುವುದೂ ಹೇಳುವುದೂ 1994ರ ಕಾನೂನಿನ ಪ್ರಕಾರ ಅಪರಾಧ.

ಮಕ್ಕಳಾಗಿಲ್ಲ. ಮೊದಲು ಯಾರ ಪರೀಕ್ಷೆ ಆಗಬೇಕು?

ಇಬ್ಬರದೂ, ಜೊತೆಯಲ್ಲೇ. ಕೂಡಿ ಬಾಳುತ್ತಾ, ಏನೂ ತಡೆ ಬಳಸದೆ ಒಂದು ವರ್ಷ ಕಳೆದರೂ ಬಸಿರು ನಿಲ್ಲದಿದ್ದರೆ ತೋರಿಸಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ, ಒಂಟಿಯಾಗಿಯೋ ಹೆಂಡತಿಯ ಕಾರಣದ ಜೊತೆ ಸೇರಿಯೋ.

ನಮ್ಮಲ್ಲಿ ಆಗುವುದು ಬೇರೆಯೇ. ಒಬ್ಬ ಹೆಣ್ಣುಮಗಳು ಅತ್ತೆಯ ಜೊತೆ ಬಂದಿದ್ದಳು. ಕೈಯಲ್ಲಿ ದಪ್ಪ ಪ್ಲಾಸ್ಟಿಕ್ ಚೀಲ. ಆರು ವರ್ಷದ ಸ್ಕ್ಯಾನಿಂಗ್, ಥೈರಾಯ್ಡ್, ಹಾರ್ಮೋನ್ ರಿಪೋರ್ಟು, ಗರ್ಭನಾಳದ ಎಕ್ಸ್‌ರೇ, ಒಂದು ದುರ್ಬೀನು ಆಪರೇಷನ್ನಿನ ಚೀಟಿ, ಎಲ್ಲ ಸರಿ ಇದೆ ಎಂದೇ ಬರೆದಿತ್ತು. ಚೀಲದಲ್ಲಿ ಗಂಡನ ಹೆಸರಿನ ಒಂದು ಹಾಳೆಯೂ ಇರಲಿಲ್ಲ. ಡಾಕ್ಟರ್ ಗಟ್ಟಿಯಾಗಿ ಹೇಳಿದ ಮೇಲೆ ಅವನು ಬಂದ, ಒಂದೇ ದಿನ, ಕೆಲವು ನೂರು ರೂಪಾಯಿಯಲ್ಲಿ ಪರೀಕ್ಷೆ ಆಯಿತು. ಸ್ಯಾಂಪಲ್‌ನಲ್ಲಿ ಒಂದು ವೀರ್ಯಾಣುವೂ ಇರಲಿಲ್ಲ. ಯಂತ್ರದಲ್ಲಿ ಗರಗರ ತಿರುಗಿಸಿ, ಒಳಗಿನ ಕಣಗಳನ್ನು ತಳಕ್ಕಿಳಿಸಿ ಮತ್ತೆ ನೋಡಿದೆ, ಇರಲಿಲ್ಲ. ಆಕೆ ಆರು ವರ್ಷ ಸೂಜಿ ಚುಚ್ಚಿಸಿಕೊಂಡಿದ್ದು ನೆನೆದು ಅವತ್ತು ನನಗೆ ಊಟ ಸೇರಲಿಲ್ಲ. ಗಂಡನೂ ಕೆಟ್ಟವನಲ್ಲ. ಹಾಗೆ ಗಂಡಸಿನಲ್ಲೂ ಇರಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ವೀರ್ಯಾಣು ಇಲ್ಲ ಎಂದರೆ ಬಾಗಿಲು ಮುಚ್ಚಿತು ಎಂದೂ ಅಲ್ಲ. ತಯಾರಾಗುತ್ತಿದ್ದು ದಾರಿ ಕಟ್ಟಿದ್ದರೆ ಆಪರೇಷನ್ನಿನಿಂದಲೋ, ವೃಷಣದಿಂದ ನೇರವಾಗಿ ತೆಗೆದೋ ದಾರಿ ಮಾಡಬಹುದು. ತಯಾರಾಗುವುದೇ ಕಡಿಮೆ ಇದ್ದರೆ ಹಾರ್ಮೋನ್ ಮತ್ತು ಕ್ರೋಮೋಸೋಮ್ ಪರೀಕ್ಷೆಯಿಂದ ಕಾರಣ ಹುಡುಕುತ್ತಾರೆ. ಒಂದು ಮಾತು: ಗಂಡಸುತನ ಬೇರೆ, ವೀರ್ಯಾಣು ಬೇರೆ. ಮೇಲೆ ಹೇಳಿದ ಆ ಗಂಡನ ನಿಮಿರುವಿಕೆ, ಸ್ಖಲನ, ಮೀಸೆ, ದನಿ ಎಲ್ಲ ಚೆನ್ನಾಗಿಯೇ ಇದ್ದವು.

ರಿಪೋರ್ಟಿನ ಅಂಕಿಗಳನ್ನು ಹೇಗೆ ಓದಬೇಕು?

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಕೆಳಮಟ್ಟದ ಗೆರೆ ಹೀಗಿದೆ. ಒಟ್ಟು ದ್ರವ 1.4 ಮಿಲಿಲೀಟರ್. ಒಂದು ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣು, ರಿಪೋರ್ಟಿನಲ್ಲಿ 16 ಮಿಲಿಯನ್ ಎಂದು ಬರೆದಿರುತ್ತದೆ. ಚಲಿಸುವವು ನೂರಕ್ಕೆ 42, ಅವುಗಳಲ್ಲಿ ಮುಂದಕ್ಕೆ ಈಜುವವು 30. ರೂಪ ಸರಿಯಾಗಿರುವವು ನೂರಕ್ಕೆ 4.

ಈ ಕೊನೆಯ ಅಂಕಿ ನೋಡಿ ಜನ ಗಾಬರಿಯಾಗುತ್ತಾರೆ, "ನೂರಕ್ಕ ತೊಂಬತ್ತಾರು ಕೆಟ್ಟಾವಂತ್ರೀ" ಎಂದು. ಮಕ್ಕಳಿರುವ ಆರೋಗ್ಯವಂತ ಗಂಡಸರಲ್ಲೂ ಬಹುಪಾಲು ವೀರ್ಯಾಣುಗಳ ತಲೆಯೋ ಬಾಲವೋ ಸೊಟ್ಟಗೇ ಇರುತ್ತವೆ. ನಾವು ರೂಪ ನೋಡುವ ಅಳತೆಗೋಲು ಅಷ್ಟು ಕಟ್ಟುನಿಟ್ಟಿನದು. ಈ ಗೆರೆಗಿಂತ ಕೆಳಗಿದ್ದವರಿಗೂ ಮಕ್ಕಳಾಗಿವೆ, ಮೇಲಿದ್ದವರಿಗೂ ಆಗದೆ ಇರುವುದುಂಟು. ಒಂದೇ ಮನುಷ್ಯನ ಎಣಿಕೆ ತಿಂಗಳಿಂದ ತಿಂಗಳಿಗೆ ಬಹಳ ಏರಿಳಿಯುತ್ತದೆ, ಆದ್ದರಿಂದ ಒಂದು ರಿಪೋರ್ಟ್ ಕೆಟ್ಟು ಬಂದರೆ ಇನ್ನೊಂದು ಮಾಡಿಸದೆ ಏನನ್ನೂ ತೀರ್ಮಾನಿಸಬೇಡಿ.

ವಾಡಿ ಕಡೆಯ ಒಬ್ಬರು "ನನಗ ತೋರಸ್ರೀ" ಎಂದು ಪಟ್ಟು ಹಿಡಿದರು. ಮೈಕ್ರೋಸ್ಕೋಪಿಗೆ ಕಣ್ಣಿಡಿಸಿದೆ. ಬೆಳ್ಳನೆಯ ಬೆಳಕಿನ ವೃತ್ತದೊಳಗೆ ಸಣ್ಣ ಸಣ್ಣ ತಲೆಗಳು, ಬಾಲ ಕಾಣದಷ್ಟು ವೇಗವಾಗಿ ಬಡಿಯುತ್ತಾ, ಕೆಲವು ನೆಟ್ಟಗೆ, ಕೆಲವು ಇದ್ದಲ್ಲೇ ಸುತ್ತುತ್ತಾ ಇದ್ದವು. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ಜೀವ ಅದ ಏನ್ರೀ ಇವಕ್ಕ?" ಎಂದರು. ಇದನ್ನು ಮೊದಲು ಬರೆದಿಟ್ಟ ಹಾಲೆಂಡಿನ ಲೇವೆನ್‌ಹುಕ್ 1677ರಲ್ಲಿ ಕಂಡದ್ದೂ ಇದನ್ನೇ. ಒಂದೊಂದರ ಉದ್ದ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು, ಈಜುವುದು ನಿಮಿಷಕ್ಕೆ ಕೆಲವೇ ಮಿಲಿಮೀಟರ್. ಹೆಂಗಸಿನ ದೇಹದೊಳಗೆ ಐದು ದಿನದವರೆಗೂ ಬದುಕಬಲ್ಲವು. ಅಂಡ ಬದುಕುವುದು ಒಂದು ದಿನ ಮಾತ್ರ.

ಗುಟ್ಕಾ, ಕುಡಿತ, ಜಿಮ್ ಇಂಜೆಕ್ಷನ್ ಇವುಗಳಿಂದ ಏನಾಗುತ್ತದೆ?

ತಂಬಾಕು ಅಗಿದರೂ ಸೇದಿದರೂ ವೀರ್ಯಾಣುವಿನ ಸಂಖ್ಯೆ, ಚಲನೆ ಎರಡಕ್ಕೂ ಪೆಟ್ಟು. ವಿಪರೀತ ಕುಡಿತ ಟೆಸ್ಟೋಸ್ಟಿರಾನ್ ಇಳಿಸುತ್ತದೆ. ಇವು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮೂರನೆಯದು. ಮೈ ಕಟ್ಟಲು ಟೆಸ್ಟೋಸ್ಟಿರಾನ್ ಅಥವಾ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡರೆ, ರಕ್ತದಲ್ಲಿ ಸಾಕಷ್ಟಿದೆ ಎಂದುಕೊಂಡು ಪಿಟ್ಯುಟರಿ ತನ್ನ ಅಪ್ಪಣೆ ನಿಲ್ಲಿಸುತ್ತದೆ. ವೃಷಣ ಸಣ್ಣದಾಗುತ್ತದೆ, ವೀರ್ಯಾಣು ಸೊನ್ನೆಗೆ ಇಳಿಯಬಹುದು. ಬಿಟ್ಟ ಮೇಲೆ ಬಹಳ ಜನರಲ್ಲಿ ಮರಳಿ ಬರುತ್ತವೆ, ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿ ಕಾಯಬೇಕು. ರಟ್ಟೆ ಊದಿಸಿಕೊಂಡ ಹುಡುಗನ ರಿಪೋರ್ಟಿನಲ್ಲಿ ಸೊನ್ನೆ ಬರೆಯುವಾಗ ನನ್ನ ಕೈ ಹಿಂದೇಟು ಹಾಕಿದೆ.

ಬೀಜದ ಚೀಲ ದಪ್ಪಗಾಗಿದೆ. ಇದು ಏನು?

ನಾಲ್ಕೈದು ಕಾರಣ ಇರಬಹುದು, ಅವುಗಳಲ್ಲಿ ಒಂದು ತುರ್ತಿನದು. ಅದನ್ನು ಮೊದಲು ಹೇಳುತ್ತೇನೆ. ಹುಡುಗನಿಗೆ ಒಮ್ಮೆಲೇ ಒಂದು ಬದಿಯ ಬೀಜ ವಿಪರೀತ ನೋಯಲು ಶುರುವಾಗಿ, ವಾಂತಿ ಬಂದು, ಬೀಜ ಮೇಲಕ್ಕೆ ಸರಿದಂತೆ ಕಂಡರೆ ಅದು ತಿರುಚಿಕೊಂಡಿರಬಹುದು. ರಕ್ತ ನಿಂತುಹೋಗಿರುತ್ತದೆ. ಆರು ತಾಸಿನೊಳಗೆ ಆಪರೇಷನ್ ಆದರೆ ಸಾಮಾನ್ಯವಾಗಿ ಉಳಿಯುತ್ತದೆ, ತಡವಾದಷ್ಟೂ ಕಳೆದುಕೊಳ್ಳುವ ಸಂಭವ ಹೆಚ್ಚು. ಸುರಪುರದ ಹಳ್ಳಿಯಿಂದ ಕಲಬುರಗಿಗೆ ಬರುವಷ್ಟರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಎಣ್ಣೆ ಹಚ್ಚಿ, ಬಿಸಿ ಶಾಖ ಕೊಟ್ಟು, ಬೆಳಗಾಗಲಿ ಎಂದು ಕಾಯಬೇಡಿ. ಮಗ ನಾಚಿ ಹೊಟ್ಟೆನೋವು ಎಂದು ಹೇಳಬಹುದು. ಅಲ್ಲೂ ನೋವಿದೆಯಾ ಎಂದು ತಂದೆಯೇ ಕೇಳಬೇಕು.

ನೋವಿಲ್ಲದೆ ನಿಧಾನವಾಗಿ ದೊಡ್ಡದಾಗುತ್ತಾ ಹೋಗಿ, ಟಾರ್ಚ್ ಹಿಡಿದರೆ ಬೆಳಕು ಹಾಯುವಂತಿದ್ದರೆ ಅದು ನೀರು ತುಂಬಿದ್ದು, ಹೈಡ್ರೋಸಿಲ್. ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ರೋಗದ ಜಿಲ್ಲೆಗಳೆಂದು ಗುರುತಾದವು. ಆ ರೋಗದ ಹುಳ ಕಾಲಿನಲ್ಲಷ್ಟೇ ಕೂರುವುದಿಲ್ಲ, ಗಂಡಸರಲ್ಲಿ ವೃಷಣದ ಸುತ್ತಲಿನ ದುಗ್ಧನಾಳಗಳಲ್ಲಿ (ಲಿಂಫ್ ನಾಳಗಳಲ್ಲಿ) ಕೂತು ನೀರು ತುಂಬಿಸುತ್ತದೆ. ಚರಂಡಿಯ ಕೊಳಕು ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಹರಡುತ್ತದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಕಣ್ಣೆದುರೇ ನುಂಗಿಸುವ ಡಿಇಸಿ, ಅಲ್ಬೆಂಡಜೋಲ್ ಮಾತ್ರೆ ಇದಕ್ಕಾಗಿಯೇ. "ಆಮೇಲೆ ತಗೊತೀನವ್ವಾ" ಎಂದು ಜೇಬಿಗಿಡುವ ಗಂಡಸರು ದಯವಿಟ್ಟು ಅವರೆದುರೇ ನುಂಗಿರಿ. ಆಗಲೇ ನೀರು ತುಂಬಿದ್ದರೆ ಸಣ್ಣ ಆಪರೇಷನ್ ಇದೆ. ದೋತರದೊಳಗೆ ಮುಚ್ಚಿಟ್ಟುಕೊಂಡು, ಮದುವೆ ಮುಂಜಿಗೆ ಹೋಗುವುದನ್ನೂ ಬಿಟ್ಟು ಹತ್ತು ಹದಿನೈದು ವರ್ಷ ಕಳೆದ ಕಾಕಾಗಳನ್ನು ನೋಡಿದ್ದೇನೆ.

ಎಡಗಡೆ ಮುಟ್ಟಿದರೆ ಎರೆಹುಳದ ಗಂಟಿನಂತೆ ಸಿಕ್ಕರೆ ರಕ್ತನಾಳ ಉಬ್ಬಿದೆ ಎಂದರ್ಥ, ವೆರಿಕೋಸಿಲ್. ನೂರು ಗಂಡಸರಲ್ಲಿ ಹದಿನೈದು ಜನಕ್ಕೆ ಇರುತ್ತದೆ, ಹೆಚ್ಚಿನವರಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಮೊದಲು ಹೇಳಿದ ತಂಪಿನ ಏರ್ಪಾಡು ಇದರಿಂದ ಕೆಡುತ್ತದೆ, ಹಾಗಾಗಿ ಎಣಿಕೆ ಕಡಿಮೆ ಇದ್ದವರಿಗೆ ಸರಿಪಡಿಸಲು ಡಾಕ್ಟರ್ ಹೇಳಬಹುದು. ನೋವಿಲ್ಲದ ಕಲ್ಲಿನಂಥ ಗಟ್ಟಿ ಗಂಟು ಬೀಜದಲ್ಲೇ ಸಿಕ್ಕರೆ, ಅದೂ ಹದಿನೈದರಿಂದ ನಲವತ್ತರೊಳಗಿನವರಲ್ಲಿ, ವಾರ ಕಳೆಯದೆ ತೋರಿಸಿ. ಆ ವಯಸ್ಸಿನ ವೃಷಣದ ಕ್ಯಾನ್ಸರ್ ಬೇಗ ಸಿಕ್ಕರೆ ಬಹುತೇಕ ವಾಸಿಯಾಗುತ್ತದೆ.

ಮಗುವಿನ ಒಂದು ಬೀಜ ಕೆಳಗೆ ಇಳಿದಿಲ್ಲ. ದೊಡ್ಡವನಾದಂತೆ ಇಳಿಯುತ್ತದೆಯೇ?

ವೃಷಣಗಳು ಹುಟ್ಟುವುದು ಹೊಟ್ಟೆಯೊಳಗೆ. ತಾಯಿಯ ಗರ್ಭದ ಕೊನೆಯ ತಿಂಗಳುಗಳಲ್ಲಿ ಇಳಿಯುತ್ತವೆ. ಕೆಲವು ಮಕ್ಕಳಲ್ಲಿ ಹುಟ್ಟಿದ ಮೇಲೆ ಮೂರರಿಂದ ಆರು ತಿಂಗಳೊಳಗೆ ಇಳಿಯುವುದುಂಟು. ಆಮೇಲೆ ತಾನಾಗಿ ಇಳಿಯುವುದು ಅಪರೂಪ. ಒಳಗಿನ ಶಾಖದಲ್ಲಿ ಉಳಿದರೆ ಅದು ಕೆಡುತ್ತದೆ, ಮುಂದೆ ಕ್ಯಾನ್ಸರ್ ಗಂಟಾಗುವ ಅಪಾಯವೂ ಹೆಚ್ಚು. ಆರರಿಂದ ಹದಿನೆಂಟು ತಿಂಗಳ ನಡುವೆ ಆಪರೇಷನ್ ಮಾಡಿಸಬೇಕು. ಕೂಸಿಗೆ ಎರೆಯುವಾಗ ಅಜ್ಜಿಗೇ ಇದು ಮೊದಲು ಗೊತ್ತಾಗುವುದು. ಅಜ್ಜಿಯರು ದಯವಿಟ್ಟು ಹೇಳಿ, ಮುಚ್ಚಿಡಬೇಡಿ.

ಗಂಡಸರ ಆಪರೇಷನ್ ಮಾಡಿಸಿಕೊಂಡರೆ ಹೊಲದ ಕೆಲಸಕ್ಕೆ ಶಕ್ತಿ ಉಳಿಯುತ್ತದೆಯೇ?

ಪೂರ್ತಿ ಉಳಿಯುತ್ತದೆ. ಮೊದಲು ಹೇಳಿದ ಎರಡು ದಾರಿ ನೆನಪಿಸಿಕೊಳ್ಳಿ. ಆಪರೇಷನ್ನಿನಲ್ಲಿ ಮುಚ್ಚುವುದು ವೀರ್ಯಾಣು ಹೋಗುವ ನಾಳವನ್ನು ಮಾತ್ರ. ಟೆಸ್ಟೋಸ್ಟಿರಾನ್ ಹೋಗುವುದು ರಕ್ತದಲ್ಲಿ, ಅದನ್ನು ಯಾರೂ ಮುಟ್ಟುವುದಿಲ್ಲ. ಆಸೆ, ನಿಮಿರುವಿಕೆ, ಸ್ಖಲನ ಎಲ್ಲ ಇದ್ದಂತೆಯೇ. ದ್ರವವೂ ಬರುತ್ತದೆ, ಅದರಲ್ಲಿ ವೀರ್ಯಾಣು ಇರುವುದಿಲ್ಲ ಅಷ್ಟೇ. ಈಗ ಬ್ಲೇಡ್ ಹಾಕದೆ ಸಣ್ಣ ತೂತಿನಲ್ಲಿ ಮಾಡುತ್ತಾರೆ, ಹೊಲಿಗೆ ಬೇಕಾಗುವುದಿಲ್ಲ, ಅವತ್ತೇ ಮನೆಗೆ ಕಳಿಸುತ್ತಾರೆ. ಒಂದು ವಾರ ಭಾರ ಎತ್ತಬಾರದು. ನಾಳದಲ್ಲಿ ಮೊದಲೇ ಉಳಿದ ವೀರ್ಯಾಣುಗಳು ಖಾಲಿಯಾಗುವವರೆಗೆ, ಅಂದರೆ ಮೂರು ತಿಂಗಳು, ನಿರೋಧ್ ಬಳಸಲೇಬೇಕು. ಆಮೇಲೆ ಒಮ್ಮೆ ವೀರ್ಯ ಪರೀಕ್ಷೆ ಮಾಡಿಸಿ, ಇಲ್ಲ ಎಂದು ಬಂದ ಮೇಲಷ್ಟೇ ನಿಶ್ಚಿಂತೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದಾದ್ಯಂತ ಹೆಂಗಸರ ಆಪರೇಷನ್ ಮೇಲೆ ನಿಂತ ಜೋಡಿಗಳು ನೂರಕ್ಕೆ 37.9, ಗಂಡಸರದ್ದರ ಮೇಲೆ 0.3. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹಿಡಿದು ಮಾಡಿದ ಭಯ ಹಿರಿಯರಲ್ಲಿ ಇನ್ನೂ ಇದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಎರಡು ಹೆರಿಗೆ ತಾಳಿದ ಹೆಂಡತಿಯ ಹೊಟ್ಟೆಯನ್ನೇ ಮತ್ತೆ ಕೊಯ್ಯುವುದಕ್ಕಿಂತ ಇದು ಸಣ್ಣದು, ಸುರಕ್ಷಿತ.

ಅಪ್ಪನಿಗೆ ಅರವತ್ತೈದು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ. ಶುಗರ್ ಇಲ್ಲ.

ಪ್ರಾಸ್ಟೇಟ್ ದೊಡ್ಡದಾಗಿರಬಹುದು. ಮೂತ್ರನಾಳ ಈ ಗ್ರಂಥಿಯ ನಡುವಿನಿಂದ ಹಾಯುತ್ತದೆ, ಐವತ್ತರ ನಂತರ ಅದು ಬೆಳೆದು ನಾಳವನ್ನು ಒತ್ತುತ್ತದೆ. ಧಾರೆ ಸಣ್ಣದಾಗುತ್ತದೆ, ನಿಂತು ನಿಂತು ಬರುತ್ತದೆ. ಬಹುಪಾಲು ಇದು ಕ್ಯಾನ್ಸರ್ ಅಲ್ಲ, ಮಾತ್ರೆಯಿಂದಲೇ ಹತೋಟಿಗೆ ಬರುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ, ಪೂರ್ತಿ ಕಟ್ಟಿದರೆ ಅವತ್ತೇ ಕರೆದುಕೊಂಡು ಹೋಗಿ.

ನಾಳೆ ವೀರ್ಯ ಪರೀಕ್ಷೆಗೆ ಬರುತ್ತೇನೆ. ಏನು ತಯಾರಿ?

ಹಿಂದಿನ ಸ್ಖಲನವಾಗಿ ಎರಡು ದಿನ ತುಂಬಿರಬೇಕು, ಏಳು ದಿನ ಮೀರಿರಬಾರದು. ಲ್ಯಾಬ್ ಕೊಡುವ ಡಬ್ಬಿಯಲ್ಲೇ ಹಿಡಿಯಿರಿ, ನಿರೋಧ್‌ನಲ್ಲಿ ತರಬೇಡಿ, ಅದರ ಎಣ್ಣೆ ವೀರ್ಯಾಣುಗಳನ್ನು ಕೊಲ್ಲುತ್ತದೆ. ಸೋಪು, ಕೊಬ್ಬರಿ ಎಣ್ಣೆ, ಎಂಜಲು ಏನೂ ಬೇಡ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು ಇರುತ್ತವೆ, ಅವು ಹೊರಗೆ ಚೆಲ್ಲಿದ್ದರೆ ಮುಚ್ಚಿಡದೆ ಹೇಳಿ, ಇನ್ನೊಂದು ದಿನ ಕೊಡಬಹುದು.

ಲ್ಯಾಬಿನ ಕೋಣೆಯಲ್ಲೇ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಮನೆಯಿಂದ ತರುವುದಾದರೆ ಒಂದು ತಾಸಿನೊಳಗೆ ನಮ್ಮ ಕೈ ಸೇರಬೇಕು, ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟು ತನ್ನಿ. ಏಪ್ರಿಲ್‌ನಲ್ಲಿ ಜೇವರ್ಗಿ ಕಡೆಯ ಒಬ್ಬರು ಡಬ್ಬಿಯನ್ನು ಬೈಕಿನ ಟ್ಯಾಂಕ್ ಕವರಿನಲ್ಲಿಟ್ಟು ಎರಡು ತಾಸು ಬಿಸಿಲಲ್ಲಿ ತಂದಿದ್ದರು. ಒಂದೂ ಅಲುಗುತ್ತಿರಲಿಲ್ಲ. ಮುಂದಿನ ವಾರ ಇಲ್ಲೇ ಕೊಟ್ಟಾಗ ನೂರಕ್ಕೆ ಐವತ್ತು ಈಜುತ್ತಿದ್ದವು. ಕಳೆದ ಮೂರು ತಿಂಗಳಲ್ಲಿ ಜ್ವರ ಬಂದಿದ್ದರೆ, ಯಾವುದಾದರೂ ಮಾತ್ರೆ ನುಂಗುತ್ತಿದ್ದರೆ ಫಾರ್ಮಿನಲ್ಲಿ ಬರೆಸಿ.

ಬೆಳಿಗ್ಗೆ ಒಂಬತ್ತರೊಳಗೆ ಬನ್ನಿ, ಆಗ ಸಾಲು ಕಡಿಮೆ ಇರುತ್ತದೆ. ಕಿಟಕಿಯಲ್ಲಿ ಹೆಸರು ಕೂಗುವುದಿಲ್ಲ, ನಂಬರ್ ಕರೆಯುತ್ತೇವೆ. ರಿಪೋರ್ಟನ್ನು ಮುಚ್ಚಿದ ಕವರಿನಲ್ಲಿ ನಿಮ್ಮ ಕೈಗೇ ಕೊಡುತ್ತೇವೆ, ಜೊತೆಗೆ ಬಂದ ಮಾವನ ಕೈಗಲ್ಲ.